ಬಿಳಿ ಪಟ್ಟಿ

"ಇವತ್ತಿನಿಂದ ನನ್ನ ಮಗಳ ಮುಂದ ನೀವು ಬಾಯಿ ಬಿಡಬ್ಯಾಡ್ರಿ."

"ನಾ ಬಾಯಿ ಬಿಡದ ಕೂಸಿಗೆ ಉಣಸೂದು ಹ್ಯಾಂಗ ಅಂತ ನಿನ್ನ ಮಷೀನಿಗೆ ಕೇಳಿಕೊಂಡು ಬರಬೇಕಿತ್ತು."

"ನೀವು ಉಣಸಬ್ಯಾಡ್ರಿ. ನಾ ಉಣಸ್ತೀನಿ."

"ನೀ ಉಣಸ್ತೀ? ಹ್ವಾದ ದೀಪಾವಳಿಗೆ ಒಮ್ಮೆ ಉಣಸಿದ್ದಿ. ಕೂಸು ಇನ್ನೂ ಅದನ್ನ ನೆನಸ್ತೈತಿ, ಖಾರ ಆಗಿತ್ತು ಅಂತ."

ಮಹಾನಂದಾ ಹೆಗಲ ಚೀಲವನ್ನು ಕುರ್ಚಿಯ ಮೇಲೆ ಎಸೆದಳು. ಅದು ಜಾರಿ ಕೆಳಗೆ ಬಿತ್ತು. ಎತ್ತಿಕೊಳ್ಳಲಿಲ್ಲ. ನಿಂಬೆವ್ವ ಪಡಸಾಲೆಯ ನೆಲದ ಮೇಲೆ ಕಾಲು ಚಾಚಿ ಕೂತು ಒಣಮೆಣಸಿನಕಾಯಿಯ ತೊಟ್ಟು ಮುರಿಯುತ್ತಿದ್ದಳು. ಆಕೆಯ ಕೈ ನಿಲ್ಲಲಿಲ್ಲ, ತಲೆಯೂ ಮೇಲೇಳಲಿಲ್ಲ.

"ನನ್ನ ಮಗಳ ಬಾಯಾಗ ನನ್ನ ಮಾತ ಇಲ್ಲ. ಎಲ್ಲಾ ನಿಮ್ಮದ ಐತಿ. ಕ್ಲಾಸಿನಾಗ ಅಷ್ಟೂ ಹುಡುಗುರ ಮುಂದ ಅದನ್ನ ನೋಡಿ ಬಂದೀನಿ ನಾ."

"ಯಾರದ್ದರ ಇರಲಿ, ಕೂಸು ಮಾತಾಡತೈತೋ ಇಲ್ಲೋ? ನಾ ಏನು ಕದ್ದ ತಂದು ಕೊಟ್ಟೀನೇನವಾ ಅದಕ್ಕ?"

"ಹೌದು, ಕದ್ದೀರಿ. ನನ್ನಿಂದ ಕದ್ದೀರಿ."

ಈ ಮಾತಿಗೆ ನಿಂಬೆವ್ವನ ಕೈ ನಿಂತಿತು.

ಅದು ಬಾಗಲಕೋಟೆಯ ನವನಗರದ ಒಂದು ಸೆಕ್ಟರಿನ ಮನೆ. ಹಳೆಯ ಊರು ಹಿನ್ನೀರಿಗೆ ಹೋದ ಮೇಲೆ ಸ್ಕೇಲು ಹಿಡಿದು ಗೆರೆ ಎಳೆದಂತೆ ಕಟ್ಟಿದ ಊರದು. ಮಹಾನಂದಾ ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಗಣಕ ಭಾಷಾಶಾಸ್ತ್ರದ ಮೊದಲ ಪರಿಚಯದ ಪಾಠ ಹೇಳುವವಳು. ನಿಂಬೆವ್ವ ಆಕೆಯ ಗಂಡ ಸಂಗನಬಸುವಿನ ಅಕ್ಕ. ಗುಳೇದಗುಡ್ಡದ ನೇಕಾರರ ಮನೆಗೆ ಕೊಟ್ಟಿದ್ದರು. ಮಕ್ಕಳಾಗಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ತಂದ. ಕಿನ್ನರಿ ಹುಟ್ಟಿದ ವಾರದಲ್ಲೇ ನಿಂಬೆವ್ವ ಒಂದು ಟ್ರಂಕು ಹಿಡಿದು ತಮ್ಮನ ಮನೆಗೆ ಬಂದಳು. ಬಾಣಂತಿತನಕ್ಕೆ ಜನ ಬೇಕಿತ್ತು, ಬಂದದ್ದು ಒಳ್ಳೆಯದೇ ಆಯಿತೆಂದು ಆಗ ಮಹಾನಂದಾಳೇ ಹೇಳಿದ್ದಳು. ಈಗ ಕಿನ್ನರಿಗೆ ಐದು ವರ್ಷ.

ಅಂದು ಬೆಳಿಗ್ಗೆ ಕ್ಲಾಸಿನಲ್ಲಿ ಆದದ್ದು ಇಷ್ಟು. ಆ ಕಾಲಕ್ಕೆ ವಿಶ್ವವಿದ್ಯಾಲಯದವರು 'ಜರಡಿ' ಎಂಬ ಯಂತ್ರವನ್ನು ತರಿಸಿದ್ದರು. ಮನುಷ್ಯನ ಮಾತು ಯಾರ ಬಾಯಿಂದ ಬಂದದ್ದೆಂದು ಅದು ಹೇಳುತ್ತಿತ್ತು. ಎಲ್ಲರೂ ಮಾತನ್ನು ಯಾರಿಂದಲೋ ಪಡೆದವರೇ. ಒಬ್ಬೊಬ್ಬರ ಮಾತಿಗೂ ಒಂದೊಂದು ನಡಿಗೆ ಇರುತ್ತದೆ. ಯಾವ ಶಬ್ದದ ಪಕ್ಕ ಯಾವ ಶಬ್ದವನ್ನು ಕೂರಿಸುತ್ತಾರೆ, ಎಲ್ಲಿ ಉಸಿರು ತೆಗೆಯುತ್ತಾರೆ, ಮಾತನ್ನು ಎಲ್ಲಿ ಎತ್ತಿ ಎಲ್ಲಿ ಇಳಿಸುತ್ತಾರೆ, ಇದೇ ನಡಿಗೆ. ಮನೆಯವರೆಲ್ಲ ಅಂಗಿಗೆ ಒಂದೊಂದು ಗುಂಡಿ ಸಿಕ್ಕಿಸಿಕೊಂಡು ಕೆಲವು ದಿನ ಓಡಾಡಿದರೆ ಸಾಕು, ಆ ಗುಂಡಿ ಮಾತು ಕೇಳಿ ಲೆಕ್ಕ ಹಿಡಿಯುತ್ತದೆ. ದನಿಯನ್ನು ಮಾತ್ರ ಅಲ್ಲಿಯೇ ಅಳಿಸಿಬಿಡುತ್ತದೆ. ಮನೆಮಾತಿನ ಕಾಯ್ದೆ ಬಂದ ಮೇಲೆ ಒಬ್ಬರ ಮನೆಯ ದನಿಯನ್ನು ಇನ್ನೊಬ್ಬರು ಕೂಡಿಡುವಂತಿರಲಿಲ್ಲ. ಕೊನೆಗೆ ಉಳಿಯುವುದು ಪರದೆಯ ಮೇಲಿನ ಬಣ್ಣದ ಪಟ್ಟಿಗಳು. ಯಾರಿಂದ ಎಷ್ಟು ಬಂತೋ ಅವರ ಬಣ್ಣ ಅಷ್ಟು ಅಗಲ.

"ಯಂತ್ರಕ್ಕ ಅರ್ಥ ಗೊತ್ತಿಲ್ಲ. ಯಾವುದರ ಮಗ್ಗಲಕ್ಕ ಯಾವುದು ಕೂಡತೈತಿ ಅನ್ನೂದಷ್ಟ ಗೊತ್ತು. ಇದು ನಮ್ಮ ಶಾಸ್ತ್ರದ ಮೊದಲನೇ ಪಾಠ," ಎಂದು ಹೇಳಿ ಮಹಾನಂದಾ ತನ್ನ ಮನೆಯ ಲೆಕ್ಕವನ್ನೇ ಮಾದರಿಯಾಗಿ ಹಾಕಿದ್ದಳು. ತನ್ನ ಬಣ್ಣ ನೀಲಿ. ಪರದೆಯ ತುಂಬ ನೀಲಿ ಹರಡಿಕೊಳ್ಳುತ್ತದೆಂದು ಆಕೆಗೆ ಧೈರ್ಯವಿತ್ತು. ಹಂಚಿನಾಳದ ಕನ್ನಡ ಶಾಲೆಯಲ್ಲಿ ಕಲಿತು ಬಂದ ಹೆಂಗಸು ಅವಳು. ತನ್ನ ಮಾತನ್ನು ತಿಕ್ಕಿ ತೊಳೆದು ಪುಸ್ತಕದ ಮಾತು ಮಾಡಿಕೊಂಡಿದ್ದಳು, ಬೇರೆಯವರ ಜೊತೆ ಊರ ಮಾತೇ ಬಂದರೂ ಮಗಳಿಗೆ ಅದನ್ನೇ ಹನಿಹನಿಯಾಗಿ ಹಾಕುತ್ತಿದ್ದಳು. "ಮಗೂ, ಹಾಲನ್ನು ಕುಡಿಯುತ್ತೀಯಾ?" ಎಂದು ಕೇಳುತ್ತಿದ್ದಳು. ಕಿನ್ನರಿ "ಒಲ್ಲೆ" ಎನ್ನುತ್ತಿತ್ತು.

ಪರದೆಯ ಮೇಲೆ ಬಂದದ್ದು ಹಳದಿ. ಈ ತುದಿಯಿಂದ ಆ ತುದಿಯ ಹತ್ತಿರದವರೆಗೂ ನಿಂಬೆವ್ವನ ಹಳದಿ. ಆಮೇಲೆ ಒಂದಿಷ್ಟು ಹಸಿರು, ಅದು ಮೊಬೈಲಿನ ಕಾರ್ಟೂನಿನದು. ಅದರ ಆಚೆ ಸಣ್ಣ ನೀಲಿ. ಸಂಗನಬಸುವಿನ ಬೂದಿ ಬಣ್ಣ ಹುಡುಕಿದರೂ ಕಾಣಲಿಲ್ಲ, ಹುಡುಗರು ಅದಕ್ಕೆ ನಕ್ಕರು. ಅಷ್ಟರಲ್ಲಿ ಮುಂದಿನ ಬೆಂಚಿನ ಫರ್ಜಾನಾ ಎಂಬ ಹುಡುಗಿ, ಓದಿನಲ್ಲಿ ಚುರುಕು, ಆ ನೀಲಿಯ ಮೇಲೆ ಬೆರಳಿಟ್ಟು ಒಳಗೆ ಬಿಡಿಸಿ ನೋಡಿದಳು.

"ಮೇಡಂ, ಈ ನೀಲಿ ಪೂರಾ ಸಿಟ್ಟಿನಾಗ ಆಡಿದ ಮಾತಿನ ನಡಿಗಿ ಐತ್ರಿ. ಬೈಯೂ ಮುಂದಿನದು."

ಆಗ ನಗು ಬೇರೆ ತರಹದ್ದಾಯಿತು. ಮಹಾನಂದಾಳೂ ನಕ್ಕಳು, ಮಾಸ್ತರರು ನಗಬೇಕಾದಷ್ಟು. ಮನೆಗೆ ಬರುವ ದಾರಿಯುದ್ದಕ್ಕೂ ಹೊಟ್ಟೆ ಉರಿಯಿತು. ಹೊಟ್ಟೆಕಿಚ್ಚೇ ಅದು, ಅದಕ್ಕೆ ತಾಯಿಯ ಕರುಳೆಂದೋ ಇನ್ನೇನೋ ಚಂದದ ಹೆಸರು ಕೊಡುವುದು ಬೇಡ. ಕಿನ್ನರಿ ಬಿದ್ದರೆ "ಅತ್ತೀ" ಎಂದು ಅಳುತ್ತಿತ್ತು. ಕೂರುವಾಗ ಮುದುಕಿಯಂತೆ "ಯಪ್ಪಾ ಶಿವನ" ಎನ್ನುತ್ತಿತ್ತು. ನಿಂಬೆವ್ವನ ಕಿವಿಯ ಹಾಲೆ ಹಿಡಿದುಕೊಂಡೇ ಮಲಗುತ್ತಿತ್ತು. ಇದೆಲ್ಲ ಮಹಾನಂದಾಳಿಗೆ ಮೊದಲೇ ಗೊತ್ತಿತ್ತು, ಚುಚ್ಚುತ್ತಲೂ ಇತ್ತು. ಈಗ ಶಾಸ್ತ್ರವೇ ಸಾಕ್ಷಿ ಹೇಳಿತ್ತು.

ನಿಂಬೆವ್ವ ಮೆಣಸಿನಕಾಯಿಯ ಮೊರವನ್ನು ಪಕ್ಕಕ್ಕೆ ಸರಿಸಿ ಎದ್ದಳು.

"ಕದ್ದೀನಿ ಅಂದೆಲ್ಲ, ಆತು. ಕೂಸಿನ ಜೋಡಿ ಮಾತಾಡಬ್ಯಾಡ ಅನ್ನಾಕ ನಿನಗ ಹಕ್ಕಿಲ್ಲ. ಅದು ನನ್ನ ತಮ್ಮನ ಮಗಳು. ಆದರ ಇವತ್ತಿನಿಂದ ನಿನ್ನ ಜೋಡಿ ನಾ ಮಾತು ಬಿಟ್ಟೆ. ಒಂದೆರಡು ದಿನದಾಗ ಗುಳೇದಗುಡ್ಡಕ್ಕ ಹೋಗ್ತೀನಿ, ನಮ್ಮ ಸಣ್ಣತ್ತಿ ಮನ್ಯಾಗ ಒಂದು ಮೂಲಿ ಐತಿ."

"ಬಿಡ್ರಿ. ನನಗೂ ಬೇಕಾಗಿಲ್ಲ."

ಆ ಕಡೆಯ ಮನೆಗಳಲ್ಲಿ ಮಾತು ಬಿಡುವುದೆಂದರೆ ಬಾಯಿ ಮುಚ್ಚಿಕೊಂಡು ಕೂರುವುದಲ್ಲ. ಅದಕ್ಕೊಂದು ರೀತಿ ಇದೆ. ಒಂದೇ ಒಲೆಯಲ್ಲಿ ಬೇಯಿಸಿ ಒಂದೇ ಪಡಸಾಲೆಯಲ್ಲಿ ಉಣ್ಣುತ್ತಾರೆ. ಹೇಳುವುದನ್ನು ಮಾತ್ರ ನಡುವೆ ಒಬ್ಬರನ್ನಿಟ್ಟುಕೊಂಡು ಹೇಳುತ್ತಾರೆ. ಅಣ್ಣತಮ್ಮಂದಿರು ಎಮ್ಮೆಯನ್ನು ನಡುವಿಟ್ಟುಕೊಂಡು, "ಏ ಎಮ್ಮೀ, ನಾಳಿ ಬಿತ್ತೂದೈತಿ" ಎಂದು ಮಾತಾಡಿ ವರ್ಷಗಟ್ಟಲೆ ಕಳೆದ ಮನೆಗಳಿವೆ. ನವನಗರದ ಮನೆಯಲ್ಲಿ ಎಮ್ಮೆ ಇರಲಿಲ್ಲ. ಸಂಗನಬಸುವನ್ನು ಹಿಡಿಯೋಣವೆಂದರೆ ಆತ ನೀರು ಸರಬರಾಜಿನ ನಿಯಂತ್ರಣ ಕೋಣೆಯಲ್ಲಿ ಕೂತು ಯಾವ ಸೆಕ್ಟರಿಗೆ ಎಷ್ಟು ಹೊತ್ತಿಗೆ ನೀರು ಬಿಡುವುದೆಂದು ನೋಡುವವನು, ಮನೆಗೆ ಬಂದರೂ ಅರ್ಧ ಅಲ್ಲಿಯೇ ಇರುತ್ತಿದ್ದ. "ನನ್ನ ಇದರಾಗ ಎಳೀಬ್ಯಾಡ್ರಿ, ನಿಮ್ಮ ಲೈನು ಬ್ಯಾರೆ, ನನ್ನ ಲೈನು ಬ್ಯಾರೆ," ಎಂದು ಆತ ಮೊದಲ ದಿನವೇ ಕೈ ತೊಳೆದುಕೊಂಡ. ಉಳಿದದ್ದು ಕಿನ್ನರಿ.

ಹೀಗೆ ಯಾರ ಮಾತು ಮಗುವಿನ ಬಾಯಿಗೆ ಬೀಳಬಾರದೆಂದು ಜಗಳ ಹತ್ತಿತ್ತೋ, ಆ ಮಾತೆಲ್ಲ ಮಗುವಿನ ಬಾಯಿಂದಲೇ ಓಡಾಡತೊಡಗಿತು. ಭಾಷೆಯ ಮಾಸ್ತರಿಣಿಗೆ ಇದು ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಅಡಿಗೆಮನೆಗೂ ಮಹಾನಂದಾ ಓದುವ ಕೋಣೆಗೂ ನಡುವೆ ಉದ್ದನೆಯ ಓಣಿಯಂಥ ಜಾಗವಿತ್ತು. ಕಿನ್ನರಿ ಆ ತುದಿಯಿಂದ ಈ ತುದಿಗೆ ಬರಿಗಾಲಲ್ಲಿ ಓಡಿ ಬರುತ್ತಿತ್ತು.

"ಅವ್ವಾ, ಅತ್ತಿ ಮಜ್ಜಿಗಿ ಮಾಡಿ ಇಟ್ಟಾಳ. ಬಿಸಲಾಗ ಬಂದಿ, ಮದಲ ಅದನ್ನ ಕುಡಿ ಅಂದಾಳ."

"ಅವ್ವಾ, ನಿನ್ನ ಹೊಸಾ ಸೀರಿ ಅತ್ತಿ ಬ್ಯಾರೆ ಬಕೆಟ್ಟಿನಾಗ ಒಗದಾಳ. ಬಣ್ಣ ಹ್ವಾದೀತಂತ."

ನೋಡು, ಬಗ್ಗಿದಳು, ಎಂದುಕೊಂಡಳು ಮಹಾನಂದಾ. ಹೋಗುತ್ತೇನೆಂದವಳು ಹೋಗಲಿಲ್ಲ, ಟ್ರಂಕಿಗೆ ತುಂಬಿದ ಸೀರೆಗಳು ಮತ್ತೆ ಗೂಟಕ್ಕೆ ಬಂದವು. ಮಜ್ಜಿಗೆ ಕುಡಿಯುವಾಗ ಗೆದ್ದ ರುಚಿಯೂ ಬರುತ್ತಿತ್ತು. ತಾನು ಮಾತ್ರ ಬಗ್ಗಲಿಲ್ಲ. "ನಿಮ್ಮ ಅತ್ತಿಗೆ ಹೇಳು, ಮುಂಜಾನೆದ್ದು ದೇವರ ಮುಂದ ಹಂಗ ಒದರಬ್ಯಾಡ ಅಂತ. ನನಗ ಪಾಠ ತಯಾರಿ ಮಾಡೂದಿರತೈತಿ." ಮಗು ಓಡುತ್ತಿತ್ತು. ನಿಂಬೆವ್ವನ ಹಾಡು ನಿಲ್ಲುತ್ತಿರಲಿಲ್ಲ, ಸಣ್ಣ ದನಿಯಲ್ಲಿ ಮುಂದುವರಿಯುತ್ತಿತ್ತು. ಒಮ್ಮೆ ಬಾಗಿಲ ಸಂದಿಯಿಂದ ಮಹಾನಂದಾ ಹಣಿಕಿ ನೋಡಿದರೆ ಆಕೆಯ ಮುಖದಲ್ಲಿ ನಗುವಿತ್ತು. ಅಣಕಿಸುತ್ತಾಳೆ, ಎಂದು ಮಹಾನಂದಾಳ ಮೈ ಉರಿಯಿತು.

ಮಗಳ ಬಾಯನ್ನು ನೀಲಿ ಮಾಡುವ ಪ್ರಯತ್ನವನ್ನೂ ಆಕೆ ಬಿಡಲಿಲ್ಲ. ರಜೆ ಹಾಕಿ ಕತೆ ಓದಿ ಹೇಳಿದಳು. ಸ್ನಾನ ಮಾಡಿಸುವಾಗ, ಜಡೆ ಹಾಕುವಾಗ, ತುತ್ತು ಇಡುವಾಗ ಮಾತೇ ಮಾತು. ಕಿನ್ನರಿ ಕಣ್ಣು ಬಿಟ್ಟುಕೊಂಡು ತಾಯಿಯ ಬಾಯನ್ನೇ ನೋಡುತ್ತಿತ್ತು. ಮುಗಿದ ಮೇಲೆ, "ಇದನ್ನ ಯಾರಿಗೆ ಹೇಳಬೇಕು?" ಎಂದು ಕೇಳುತ್ತಿತ್ತು.

"ಯಾರಿಗೂ ಇಲ್ಲ. ನಿನಗೆ."

"ನನಗಷ್ಟನ?" ಎಂದು ಅದಕ್ಕೆ ಆಶ್ಚರ್ಯ.

ಸೆಮಿಸ್ಟರಿನ ಕೊನೆಗೆ ಗುಂಡಿಗಳನ್ನು ಮತ್ತೆ ಎಲ್ಲರ ಅಂಗಿಗೆ ಸಿಕ್ಕಿಸುವ ಪಾಠ ಬಂತು. ಮೊದಲಿನ ಲೆಕ್ಕಕ್ಕೂ ಈಗಿನದಕ್ಕೂ ಏನು ವ್ಯತ್ಯಾಸವೆಂದು ವಿದ್ಯಾರ್ಥಿಗಳು ಬರೆಯಬೇಕಿತ್ತು. ಮಹಾನಂದಾ ತನ್ನ ಮನೆಯದನ್ನು ಈ ಸಲ ಕ್ಲಾಸಿನಲ್ಲಿ ಹಾಕಲಿಲ್ಲ, ಪಾಠ ಮುಗಿದ ಮೇಲೆ ಲ್ಯಾಬಿನಲ್ಲಿ ಒಬ್ಬಳೇ ಕೂತು ನೋಡಿದಳು. ಒಬ್ಬಳೇ ಎಂದರೆ ಫರ್ಜಾನಾ ಮೂಲೆಯ ಮೇಜಿನಲ್ಲಿ ತನ್ನ ಅಜ್ಜಿಯ ಪಟ್ಟಿಗಳನ್ನು ಬಿಡಿಸುತ್ತಿದ್ದಳು.

ಹಳದಿ ಕುಗ್ಗಿತ್ತು. ಮಹಾನಂದಾಳ ಜೀವ ಹಗುರಾಯಿತು. ನೀಲಿ ಸ್ವಲ್ಪ ಬೆಳೆದಿತ್ತು, ಆದರೆ ಹಳದಿ ಬಿಟ್ಟುಕೊಟ್ಟ ಜಾಗವೆಲ್ಲ ಅದರದಾಗಿರಲಿಲ್ಲ. ಎರಡರ ನಡುವೆ ಅಗಲವಾದ ಬಿಳಿ ಪಟ್ಟಿ ಬಂದು ಕೂತಿತ್ತು. ಮೊದಲ ಸಲ ಅದು ಇರಲೇ ಇಲ್ಲ. ಮನೆಯವರ ಯಾವ ನಡಿಗೆಗೂ ಹೊಂದದ ಮಾತಿಗೆ ಜರಡಿ ಕೊಡುವ ಬಣ್ಣ ಬಿಳಿ.

ಮಹಾನಂದಾ ಅದನ್ನು ಬಿಡಿಸಿದಳು. ಅದರ ನಡಿಗೆ ಮೆತ್ತಗಿತ್ತು. ಉಸಿರು ಸಣ್ಣದು, ಇಳಿತ ನಿಧಾನ, ಶಬ್ದ ಶಬ್ದವನ್ನು ಕೈ ಹಿಡಿದು ಕೂರಿಸಿದಂತೆ. ಆ ಮನೆಯಲ್ಲಿ ಯಾರೂ ಯಾರ ಜೊತೆಗೂ ಅಷ್ಟು ಅಕ್ಕರೆಯಿಂದ ಮಾತಾಡುತ್ತಿರಲಿಲ್ಲ.

"ಯಾರೋ ಹೊರಗಿನವರು ಅದಾರ," ಎಂದಳು, ತನಗೇ ಹೇಳಿಕೊಂಡಂತೆ.

ಫರ್ಜಾನಾ ಎದ್ದು ಬಂದು ನೋಡಿದಳು. "ಬಿಳಿ ಅಂದ್ರ ಹೊರಗಿನವರದು ಅಂತ ಅಲ್ಲಲ್ರಿ ಮೇಡಂ. ಯಂತ್ರಕ್ಕ ಗೊತ್ತಾಗವಲ್ತು ಅಂತ ಅಷ್ಟ. ಗುರುತು ಸಿಗದ್ದಕ್ಕ ಅವಸರ ಮಾಡಿ ಹೆಸರ ಇಡಬ್ಯಾಡ್ರಿ ಅಂತ ನೀವ ಹೇಳಿದ್ರಿ."

"ಅದು ಪಾಠಕ್ಕ ಹೇಳಿದ್ದು. ಇದು ನನ್ನ ಮನಿ."

"ಕೂಸಿನ್ನ ಒಂದು ಮಾತು ಕೇಳರಿ."

"ನಿನ್ನ ಅಜ್ಜಿ ಕೆಲಸ ಮುಗಿಸ್ಕೊ ಹೋಗು."

ಅಷ್ಟರೊಳಗೆ ಆಕೆಯ ತಲೆಯಲ್ಲಿ ಎಲ್ಲ ಜೋಡಣೆಯಾಗಿತ್ತು. ತಾನು ಕೆಲಸಕ್ಕೆ ಹೋದ ಮೇಲೆ ನಿಂಬೆವ್ವ ಮಗುವನ್ನು ಯಾರದೋ ಮನೆಗೆ ಕರೆದೊಯ್ಯುತ್ತಾಳೆ. ಬಾಯಿ ಬಿಡಬೇಡವೆಂದದ್ದಕ್ಕೆ ಇದು ಸೇಡು. ತನ್ನ ಮಾತು ಬೇಡವೆಂದರೆ ಇರಲಿ, ತಾಯಿಯದೂ ಬೇಡ, ಮೂರನೆಯವರದಾಗಲಿ. ಆ ಮೂರನೆಯವಳು ಒಬ್ಬ ಹೆಂಗಸು, ಒಳ್ಳೆಯ ಮಾತಿನವಳು, ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಮಾತಾಡುವವಳು. ಮುಖವೂ ಕಂಡಂತಾಯಿತು. ಇಲ್ಲದ ಆ ಹೆಂಗಸಿನ ಮೇಲೆ ಆಕೆಗೆ ಹುಟ್ಟಿದ ಹೊಟ್ಟೆಕಿಚ್ಚು, ಇದ್ದ ನಿಂಬೆವ್ವನ ಮೇಲೆ ಹುಟ್ಟಿದ್ದಕ್ಕಿಂತ ದೊಡ್ಡದಾಗಿತ್ತು.

ಮನೆಗೆ ಬಂದಾಗ ಇಳಿಹೊತ್ತು. ನಿಂಬೆವ್ವ ಪಡಸಾಲೆಯಲ್ಲಿ ಕಿನ್ನರಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದಳು. ಮಹಾನಂದಾ ಚಪ್ಪಲಿಯನ್ನೂ ಬಿಡದೆ ಒಳಗೆ ಬಂದಳು. ತಿಂಗಳುಗಳ ಮೇಲೆ ನೇರ ಮಾತು.

"ಯಾರ ಮನಿಗೆ ಕರಕೊಂಡು ಹೋಗ್ತೀರಿ ಇಕಿನ್ನ?"

ನಿಂಬೆವ್ವ ಆಕೆಯತ್ತ ನೋಡಿ, ಮಗುವಿನತ್ತ ತಿರುಗಿದಳು. "ನಿಮ್ಮವ್ವಗ ಹೇಳವಾ, ಎಲ್ಲಿಗೂ ಇಲ್ಲ ಅಂತ."

"ಸುಳ್ಳು. ನನ್ನ ಕೂಸಿನ್ನ ಯಾರ ಕೈಯಾಗ ಕೊಟ್ಟೀರಿ? ಯಾರು ಆಕಿ? ಹೊರಗ ಒಂದು, ಮನ್ಯಾಗ ಒಂದು, ಕಳ್ಳತನ ಮಾಡೂ ಜಾತಿ."

ನಿಂಬೆವ್ವ ಬಾಳೆಹಣ್ಣಿನ ಸಿಪ್ಪೆಯನ್ನು ನೆಲದ ಮೇಲಿಟ್ಟು ಎದ್ದು ಮಗುವಿನ ಹೆಗಲು ಹಿಡಿದಳು. ಕೋಪ ನೆತ್ತಿಗೇರಿದರೂ ಮಾತು ಬಿಟ್ಟ ರೀತಿಗೆ ಆಕೆ ತಪ್ಪಲಿಲ್ಲ.

"ಹೇಳು ನಿಮ್ಮವ್ವಗ. ನನಗ ಕಳ್ಳಿ ಅಂದ ಮನ್ಯಾಗ ನಾ ಇನ್ನ ಒಂದು ಗುಟುಕು ನೀರು ಮುಟ್ಟಂಗಿಲ್ಲ ಅಂತ ಹೇಳು."

ಕಿನ್ನರಿ ತಾಯಿಯ ಕಡೆ ತಿರುಗಿತು. ಇಬ್ಬರೂ ಕೈ ಚಾಚಿದರೆ ತಾಗುವಷ್ಟು ಹತ್ತಿರ ನಿಂತಿದ್ದರು. ಅಷ್ಟು ಹತ್ತಿರ ನಿಂತವರ ನಡುವೆ ಆ ಮಗು ಅಲ್ಲಿಯವರೆಗೆ ಮಾತು ಒಯ್ದಿರಲಿಲ್ಲ. ಆದರೂ ರೂಢಿಯ ಪ್ರಕಾರ ಸಣ್ಣ ಉಸಿರು ತೆಗೆದು, ನಿಧಾನವಾಗಿ ಹೇಳಿತು.

"ಅವ್ವಾ, ಅತ್ತಿಗೆ ನೀರಡಿಕಿ ಆಗೇತಂತ. ನೀನ ತಂದ ಕೊಟ್ಟರ ಕುಡಿತಾಳಂತ."

ಮಹಾನಂದಾ ಮಗುವನ್ನು ನೋಡಿದಳು.

ಬಿಳಿ ಪಟ್ಟಿ ಅಲ್ಲಿ ನಿಂತಿತ್ತು, ಬಾಯಿಗೆ ಬಾಳೆಹಣ್ಣು ಮೆತ್ತಿಕೊಂಡು. ಹೊರಗಿನವಳು ಯಾರೂ ಇರಲಿಲ್ಲ. ಓಣಿಯಂಥ ಜಾಗದಲ್ಲಿ ಆ ತುದಿಯಿಂದ ಈ ತುದಿಗೆ ಓಡುತ್ತ ಓಡುತ್ತ ಈ ಮಗು ಇಬ್ಬರ ವಿಷವನ್ನೂ ದಾರಿಯಲ್ಲೇ ಚೆಲ್ಲಿ, ಬದಲಿಗೆ ತನ್ನದೇ ಮಾತು ಕಟ್ಟಿಕೊಂಡು ಬಂದು ಮುಟ್ಟಿಸುತ್ತಿತ್ತು. ಆ ನಡಿಗೆಯನ್ನು ಯಾರೂ ಕಲಿಸಿರಲಿಲ್ಲ. ಹಾಗಾದರೆ ಮೊದಲು ಮಜ್ಜಿಗೆ ಕುಡಿ ಎಂದದ್ದು? ಬೇರೆ ಬಕೆಟ್ಟಿನ ಸೀರೆ? ಮಹಾನಂದಾಳಿಗೆ ತಾನು ಗೆದ್ದ ಒಂದೊಂದು ದಿನವೂ ನೆನಪಾಯಿತು.

ನಿಂಬೆವ್ವನಿಗೂ ನೆನಪಾಗುತ್ತಿತ್ತು. ಆಕೆ ಮಗುವಿನ ಹೆಗಲು ಬಿಟ್ಟಳು, ಮಹಾನಂದಾಳ ಮುಖವನ್ನೇ ನೋಡಿ ಕೇಳಿದಳು. ದನಿಯಲ್ಲಿ ಸಿಟ್ಟಿರಲಿಲ್ಲ.

"ಮುಂಜಾನಿ ಹಾಡು ಕೇಳಿದರ ನಿನಗ ನಿಮ್ಮವ್ವನ ನೆನಪಾಗತೈತಿ, ಸಣ್ಣ ದನೀಲೆ ಹಾಡ್ರಿ ಅಂದಿದ್ದು, ನೀ ಅಂದಿದ್ದಲ್ಲೇನು?"

ಮಹಾನಂದಾ ಕಾಲಲ್ಲಿದ್ದ ಚಪ್ಪಲಿ ಕಳಚಿದಳು.

"ನನ್ನ ರೊಟ್ಟಿ ಅಂಥಾ ರೊಟ್ಟಿ ಯಾರೂ ಬಡಿಯಂಗಿಲ್ಲ ಅಂದಿದ್ದು?"

ಕಿನ್ನರಿ ಇಬ್ಬರ ಮುಖವನ್ನೂ ನೋಡುತ್ತ ತಾಯಿಯ ಸೀರೆಯ ನೆರಿಗೆ ಹಿಡಿದುಕೊಂಡಿತು.

"ಟ್ರಂಕು ಕಟ್ಟಿ ಇಟ್ಟಿದ್ದೆ ನಾ. ಅವತ್ತ ಕೂಸು ಬಂದು ಹೇಳ್ತು. ಅವ್ವ ಅಂದಾಳ, ಗುಳೇದಗುಡ್ಡಕ್ಕ ಹೋಗಬ್ಯಾಡ, ಇದ ನಿನ್ನ ಮನಿ ಅಂತ. ಅಷ್ಟ ಕೇಳಿ ನಿಂತೀನಿ ನಾ ಇಲ್ಲಿ. ಅದನ್ನರ ನೀ ಹೇಳಿದ್ದು ಹೌದಿಲ್ಲೋ?"

ಹೌದು ಎಂದಿದ್ದರೆ ಸಾಕಿತ್ತು. ಮಹಾನಂದಾ ಸುಳ್ಳು ಹೇಳಿದಳೆಂದು ಯಾವ ಯಂತ್ರವೂ ಹಿಡಿದು ಕೊಡುತ್ತಿರಲಿಲ್ಲ. ಆ ಹೌದು ಆಕೆಯ ನಾಲಿಗೆಯವರೆಗೆ ಬಂದಿತ್ತು ಕೂಡ. ಆದರೆ ಆ ಹೊತ್ತಿಗೆ ಆಕೆಗೆ ಕಂಡದ್ದು ಒಂದೇ. ತನ್ನ ಮಗಳು, ತನ್ನ ಹೆಸರಿನಲ್ಲಿ, ಹುಟ್ಟಿದ ಮೇಲೆ ಕಟ್ಟಿದ ಅತಿ ಚಂದದ ಮಾತುಗಳನ್ನು ಒಯ್ದು ಈ ಹೆಂಗಸಿಗೆ ಕೊಟ್ಟಿದೆ. ಅಷ್ಟೇ ಚಂದದ ಮಾತುಗಳನ್ನು ಅಲ್ಲಿಂದ ತಂದು ತನಗೂ ಕೊಟ್ಟಿತ್ತೆಂಬುದು ಆಗ ಲೆಕ್ಕಕ್ಕೆ ಬರಲಿಲ್ಲ.

"ನಾ ಹೇಳಿಲ್ಲ," ಎಂದಳು ಮಹಾನಂದಾ. "ಅದರಾಗ ಒಂದನ್ನೂ ನಾ ಹೇಳಿಲ್ಲ."

ನಿಂಬೆವ್ವ ತಲೆಯಾಡಿಸಿದಳು, ಸಂತೆಯಲ್ಲಿ ದರ ಕೇಳಿ ಹೊಂದದಿದ್ದಾಗ ಆಡಿಸುವಂತೆ. ಒಳಗೆ ಹೋಗಿ ಎರಡು ಸೀರೆ ಕೈಚೀಲಕ್ಕೆ ತುರುಕಿಕೊಂಡು ಬಂದಳು. ಟ್ರಂಕು ಅಲ್ಲೇ ಉಳಿಯಿತು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಬಾಗಿಲು ದಾಟಿದಳು.

ಕಿನ್ನರಿ ನೆರಿಗೆ ಬಿಟ್ಟು ಓಡಿತು. ಗೇಟಿನ ಹತ್ತಿರ ಅತ್ತಿಯ ಸೆರಗು ಹಿಡಿದು ಜಗ್ಗಿ ಏನೋ ಹೇಳಿತು. ನಿಂಬೆವ್ವ ಬಗ್ಗಿ, ಆ ಮಾತು ಮುಗಿಯುವವರೆಗೂ ಪೂರ್ತಿ ಕೇಳಿದಳು. ಮಗುವಿನ ಗಲ್ಲದ ಮೇಲಿನ ಬಾಳೆಹಣ್ಣನ್ನು ಸೆರಗಿನಿಂದ ಒರೆಸಿದಳು. ಆಮೇಲೆ ನೆಟ್ಟಗೆ ನಿಂತು ಸೆಕ್ಟರಿನ ನೇರ ರಸ್ತೆಯಲ್ಲಿ ಬಸ್ ಸ್ಟ್ಯಾಂಡಿನ ಕಡೆಗೆ ನಡೆದಳು. ತಿರುಗಿ ನೋಡಲಿಲ್ಲ. ರಸ್ತೆ ಅಷ್ಟು ನೇರವಾಗಿದ್ದುದರಿಂದ ಆಕೆ ಬಹಳ ಹೊತ್ತು ಕಾಣುತ್ತಿದ್ದಳು.

ಮಗು ನಿಧಾನವಾಗಿ ನಡೆದುಕೊಂಡು ವಾಪಸು ಬಂತು.

"ಏನು ಹೇಳಿದಿ ಅತ್ತಿಗೆ?" ಮಹಾನಂದಾ ಕೇಳಿದಳು.

"ಅವ್ವ ಬಾ ಅಂದಾಳ ಅಂತ ಹೇಳಿದೆ."

"ಅದಕ್ಕ ಏನಂದಳು?"

ಕಿನ್ನರಿ ತಾಯಿಯ ಮುಖವನ್ನು ಒಂದು ಗಳಿಗೆ ನೋಡಿತು. ಅಲ್ಲಿಯವರೆಗೆ ಆ ಮಗು ಯಾವ ಪ್ರಶ್ನೆಗೂ ಉತ್ತರವಿಲ್ಲದೆ ಬಂದಿರಲಿಲ್ಲ.

"ಏನೂ ಅನ್ನಲಿಲ್ಲ," ಎಂದು ಹೇಳಿ ಒಳಗೆ ಹೋಯಿತು.

ಸಂಗನಬಸು ಆ ವಾರವೇ ಗುಳೇದಗುಡ್ಡಕ್ಕೆ ಹೋದ. ಬಸವ ಜಯಂತಿಗೆ ಇನ್ನೊಮ್ಮೆ ಹೋದ. ಎರಡು ಸಲವೂ ಒಬ್ಬನೇ ಬಂದ.